ಕ್ಲಾಡಿಯಸನೂ ಫುಸಿನಸ್ ಸರೋವರವೂ

ರೋಮಿನ ಚಕ್ರವರ್ತಿ ಕ್ಲಾಡಿಯಸನು ಕ್ರಿ.ಪೂ. 10ರಲ್ಲಿ ಗಾಲ್ ಪ್ರಾಂತ್ಯದಲ್ಲಿ ಜನಿಸಿದನು. ಕುಂಟುನಡೆ, ತೊದಲುಮಾತುಗಳ ಕಾರಣ ಹೆತ್ತ ತಾಯಿಯೇ ಅವನನ್ನು ಹೀಗಳೆಯುತ್ತಿದ್ದಳು. ಕ್ರಿ.ಶ. 41ರಲ್ಲಿ ಕ್ಯಾಲಿಗುಲನ ಕೊಲೆಯಾದಾಗ ಕಾವಲುಪಡೆಯವರು ಅವನನ್ನೇ ಸಿಂಹಾಸನಕ್ಕೇರಿಸಿದರು.

ರೋಮಿನ ಪೂರ್ವಕ್ಕೆ, ಅಪೆನೈನ್ ಬೆಟ್ಟಗಳ ನಡುವೆ ಫುಸಿನಸ್ ಎಂಬ ವಿಶಾಲ ಸರೋವರವಿದ್ದಿತು. ನೀರು ಹರಿದುಹೋಗಲು ಸಹಜವಾದ ದಾರಿಯಿಲ್ಲದೆ ಅದು ಆಗಾಗ ಉಕ್ಕಿ ದಡದ ಹೊಲಗಳನ್ನು ಮುಳುಗಿಸುತ್ತಿತ್ತು. ಜೂಲಿಯಸ್ ಸೀಸರನು ಬಯಸಿಯೂ ಮಾಡಲಾಗದ ಕಾರ್ಯಕ್ಕೆ ಕ್ಲಾಡಿಯಸನು ಕೈಹಾಕಿದನು. ನೀರನ್ನು ಲಿರಿಸ್ ನದಿಗೆ ಹರಿಸಲು ಬೆಟ್ಟದೊಳಗೆ ಸುಮಾರು 5.6 ಕಿಲೋಮೀಟರ್ ಉದ್ದದ ಸುರಂಗವನ್ನು ಕೊರೆಯಬೇಕಾಗಿತ್ತು. ಮೇಲಿನಿಂದ ಬಾವಿಗಳನ್ನು ತೋಡಿ, ಅವುಗಳ ಮೂಲಕ ಕಲ್ಲುಮಣ್ಣುಗಳನ್ನು ಎತ್ತಿದರು. 30,000 ಜನ 11 ವರ್ಷ ದುಡಿದರೆಂದು ಪ್ರಾಚೀನ ಚರಿತ್ರಕಾರ ಸ್ವೆಟೋನಿಯಸನು ತಿಳಿಸುತ್ತಾನೆ.

52ರಲ್ಲಿ, ತೂಬು ತೆರೆಯುವ ಮುನ್ನ, ಸಾವಿರಾರು ಅಪರಾಧಿಗಳಿಂದ ಸರೋವರದಲ್ಲಿ ನೌಕಾಯುದ್ಧ ಮಾಡಿಸಲಾಯಿತು. ರೈತರ ಹೊಲಗಳಿಗಾಗಿ ಬೆಟ್ಟ ಕೊರೆಸಿದ ದೊರೆಗೆ ಆ ರಕ್ತಪಾತವು ವಿನೋದವೆನಿಸಿದ್ದು ವಿಷಾದಕರ. ತೂಬು ತೆರೆದಾಗ ಕಾಲುವೆಯ ಆಳ ಸಾಲದೆಂದು ತಿಳಿಯಿತು. ಮತ್ತೆ ಅಗೆಸಿ ತೆರೆದಾಗ ನೀರು ರಭಸದಿಂದ ನುಗ್ಗಿ, ಸಮೀಪದಲ್ಲಿ ಔತಣಕ್ಕೆ ನೆರೆದಿದ್ದವರನ್ನು ಕಂಗೆಡಿಸಿತು.

54ರಲ್ಲಿ ಕ್ಲಾಡಿಯಸನು ಮರಣಹೊಂದಿದನು. ಸರೋವರದ ಒಂದು ಭಾಗ ಮಾತ್ರ ಬತ್ತಿತ್ತು. ಮುಂದೆ ಸುರಂಗವು ಮುಚ್ಚಿಹೋಗಿ ನೀರು ಮರಳಿತು. 19ನೆಯ ಶತಮಾನದಲ್ಲಿ ಅದೇ ಜಾಡಿನಲ್ಲಿ ಹೊಸ ಸುರಂಗ ಕೊರೆದು ಅದನ್ನು ಪೂರ್ಣವಾಗಿ ಬತ್ತಿಸಿದರು. ಆ ತಳದಲ್ಲಿ ಈಗ ಆಲೂಗೆಡ್ಡೆ ಬೆಳೆಯುತ್ತಾರೆ.