ರ, ರಿ, ರು ಎಂದು ಹೆಸರಿಟ್ಟ ವೆಂಕಟಮಖಿ

ಭಾನುವಾರದ ಬಲಿಪೂಜೆಗೆ ಮುನ್ನ ಗಾಯನವೃಂದದವರು ಹಾರ್ಮೋನಿಯಂ ಸುತ್ತ ಕುಳಿತು ಅಭ್ಯಾಸ ಮಾಡುವುದನ್ನು ನೀವು ನೋಡಿರುತ್ತೀರಿ. ನಿಮ್ಮ ಮನೆಯ ಮಕ್ಕಳೂ ಅವರಲ್ಲಿ ಇರಬಹುದು. ಕೆಲವರು ಸ ರಿ ಗ ಮ ಎನ್ನುತ್ತಾರೆ, ಕೀಬೋರ್ಡ್ ಕಲಿತವರು ದೋ ರೆ ಮಿ ಎನ್ನುತ್ತಾರೆ. ಸ್ವರಗಳಿಗೆ ಈ ಹೆಸರುಗಳನ್ನು ಇಟ್ಟವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ?

ದೋ ರೆ ಮಿ ಹುಟ್ಟಿದ್ದು ನಮ್ಮ ಧರ್ಮಸಭೆಯ ಮಠದಲ್ಲೇ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಅರೆಝೊ ಪಟ್ಟಣದಲ್ಲಿ ಸಂತ ಬೆನೆಡಿಕ್ಟರ ಸಭೆಯ ಸನ್ಯಾಸಿ ಗೀದೊ ಎಂಬವರು ಬಾಲಕರಿಗೆ ಹಾಡು ಕಲಿಸುತ್ತಿದ್ದರು. ಸ್ನಾನಿಕ ಅರುಳಪ್ಪರ ಹಬ್ಬದ ಒಂದು ಲತೀನ್ ಗೀತೆಯಲ್ಲಿ ಒಂದೊಂದು ಚರಣವೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸ್ವರದಿಂದ ಆರಂಭವಾಗುವುದನ್ನು ಗಮನಿಸಿ, ಆ ಮೊದಲ ಅಕ್ಷರಗಳನ್ನೇ ಸ್ವರಗಳ ಹೆಸರಾಗಿ ತೆಗೆದುಕೊಂಡರು. ಉತ್, ರೆ, ಮಿ, ಫಾ, ಸೋಲ್, ಲಾ ಎಂಬ ಆರು. ಉತ್ ಹೋಗಿ ದೋ ಬಂದದ್ದೂ ಏಳನೆಯ ಸಿ ಸೇರಿದ್ದೂ ಆಮೇಲೆ.

ಗೀದೊ ಅವರ ಕಥೆಯನ್ನು ನೀವು ಕೇಳಿರಬಹುದು. ಆದರೆ ಕನ್ನಡ ಮನೆಮಾತಿನ ಕುಟುಂಬವೊಂದರಲ್ಲಿ ಹುಟ್ಟಿ ಇಂಥದೇ ಕೆಲಸ ಮಾಡಿದ ಒಬ್ಬರಿದ್ದಾರೆ. ಸಂಗೀತ ಕಲಿತವರ ಹೊರತು ಅವರ ಹೆಸರನ್ನು ಹೇಳುವವರು ಕಡಿಮೆ. ಅವರೇ ವೆಂಕಟಮಖಿ.

ತಂದೆ ಗೋವಿಂದ ದೀಕ್ಷಿತರು ತಂಜಾವೂರಿನ ನಾಯಕ ಅರಸರ ಮಂತ್ರಿ, ದೊಡ್ಡ ವಿದ್ವಾಂಸರು. ತಾಯಿ ನಾಗಾಂಬೆ. ಕನ್ನಡನಾಡಿನಿಂದ ಕಾವೇರಿಯ ಕೆಳದಂಡೆಗೆ ಹೋಗಿ ನೆಲೆಸಿದ ಮನೆತನ ಅದು. ಮಗನ ಹೆಸರು ವೆಂಕಟೇಶ್ವರ ದೀಕ್ಷಿತ. ಯಜ್ಞ ಮಾಡಿದವರೆಂಬ ಅರ್ಥದಲ್ಲಿ ವೆಂಕಟಮಖಿ ಎಂಬ ಹೆಸರು ನಿಂತಿತು. ತಾನಪ್ಪಾಚಾರ್ಯರೆಂಬ ಗುರುಗಳಲ್ಲಿ ಅವರು ಸಂಗೀತ ಕಲಿತರು. 1633ರಲ್ಲಿ ಪಟ್ಟಕ್ಕೆ ಬಂದ ವಿಜಯರಾಘವ ನಾಯಕನ ಕೋರಿಕೆಯಂತೆ ‘ಚತುರ್ದಂಡಿ ಪ್ರಕಾಶಿಕೆ’ ಎಂಬ ಸಂಸ್ಕೃತ ಗ್ರಂಥವನ್ನು ಬರೆದರು.

ಅವರ ಮುಂದಿದ್ದ ತೊಡಕು ಏನೆಂದು ಕೇಳಿ. ಷಡ್ಜ, ಋಷಭ, ಗಾಂಧಾರ ಮೊದಲಾದ ಏಳು ಹೆಸರುಗಳೂ ಅವುಗಳ ಮೊದಲಕ್ಷರದ ಸ ರಿ ಗ ಮ ಪ ದ ನಿಯೂ ಬಹು ಹಳೆಯವು. ಆದರೆ ಹಾರ್ಮೋನಿಯಂ ನೋಡಿ: ಒಂದು ಸ ದಿಂದ ಮೇಲಿನ ಸ ತಲಪುವಷ್ಟರಲ್ಲಿ ಹನ್ನೆರಡು ಮನೆಗಳಿವೆ. ಸ ಮತ್ತು ಪ ಅಲುಗುವುದಿಲ್ಲ. ಉಳಿದವುಗಳಲ್ಲಿ ಒಂದೊಂದಕ್ಕೂ ಎರಡು ಮೂರು ರೂಪ. ಗುರು ಬರೀ ರಿ ಎಂದರೆ ಶಿಷ್ಯ ಯಾವ ರಿ ಹಾಡಬೇಕು? ಶುದ್ಧ ಋಷಭ, ಪಂಚಶ್ರುತಿ ಋಷಭ, ಷಟ್‌ಶ್ರುತಿ ಋಷಭ ಎಂದು ಉದ್ದುದ್ದ ಹೆಸರುಗಳಿದ್ದವು ನಿಜ. ಅವನ್ನು ಬಾಯಲ್ಲಿ ಹಾಡಲಾದೀತೇ?

ವೆಂಕಟಮಖಿ ಮಾಡಿದ್ದು ಒಂದನೆಯ ತರಗತಿಯ ಮಗುವಿಗೂ ತಿಳಿಯುವ ಉಪಾಯ. ಕಾಗುಣಿತದ ಹಾಗೆ ರ, ರಿ, ರು ಎಂದರು. ಕೆಳಗಿನದು ರ, ನಡುವಿನದು ರಿ, ಮೇಲಿನದು ರು. ಹಾಗೆಯೇ ಗ, ಗಿ, ಗು. ಮಧ್ಯಮಕ್ಕೆ ಎರಡೇ: ಮ, ಮಿ. ಮತ್ತೆ ಧ, ಧಿ, ಧು. ನ, ನಿ, ನು. ಸ ಮತ್ತು ಪ ಸೇರಿದರೆ ಹದಿನಾರು ಹೆಸರು. ಮನೆ ಹನ್ನೆರಡು, ಹೆಸರು ಹದಿನಾರು ಹೇಗೆ ಎಂದು ನೀವು ಕೇಳುವಿರಿ. ಒಬ್ಬರೇ ಮನುಷ್ಯರು ಒಂದು ಮನೆಗೆ ಸೋದರಮಾವ, ಇನ್ನೊಂದು ಮನೆಗೆ ಚಿಕ್ಕಪ್ಪ ಆಗುವುದಿಲ್ಲವೇ? ಹಾಗೆ ರಿ ಮತ್ತು ಗ ಒಂದೇ ಮನೆ. ಕೆಳಗೆ ರ ಇದ್ದರೆ ಅದು ಗ. ಮೇಲೆ ಗಿ ಅಥವಾ ಗು ಬಂದರೆ ಅದೇ ರಿ. ರು ಮತ್ತು ಗಿ, ಧಿ ಮತ್ತು ನ, ಧು ಮತ್ತು ನಿ ಕೂಡ ಹೀಗೆಯೇ.

ಹೆಸರು ಸಿಕ್ಕ ಮೇಲೆ ಲೆಕ್ಕ ತಾನಾಗಿ ಬಂತು. ರ ಜೊತೆಗೆ ಗ, ಗಿ, ಗು. ರಿ ಜೊತೆಗೆ ಗಿ, ಗು. ರು ಜೊತೆಗೆ ಗು ಮಾತ್ರ. ಒಟ್ಟು ಆರು ಜೋಡಿ. ಧ, ನ ಗಳಲ್ಲೂ ಆರು. ಆರಾರಲ ಮೂವತ್ತಾರು. ಮಧ್ಯಮ ಎರಡು, ಆದ್ದರಿಂದ 72. ಇವೇ 72 ಮೇಳಗಳು. ಮಕ್ಕಳಿದ್ದರೆ ಕಾಗದದ ಮೇಲೆ ಬರೆಸಿ ನೋಡಿ, ಒಂದೂ ತಪ್ಪುವುದಿಲ್ಲ.

ಆದರೆ ಆ ಕಾಲದ ಬಳಕೆಯಲ್ಲಿದ್ದವೆಂದು ಅವರು ವಿವರಿಸಿದ್ದು 19 ಮೇಳಗಳನ್ನು ಮಾತ್ರ. ಉಳಿದ 53ನ್ನು ಹಾಡುವವರೇ ಇಲ್ಲ. ಇಲ್ಲದ್ದಕ್ಕೆ ಮನೆ ಕಟ್ಟುವುದೇಕೆ ಎಂಬ ಆಕ್ಷೇಪಕ್ಕೂ ಗ್ರಂಥದಲ್ಲೇ ಉತ್ತರವಿದೆ. ದೇಶಗಳು ಹಲವು, ಜನರ ಅಭಿರುಚಿ ಹಲವು, ಮುಂದೆ ಹುಟ್ಟುವ ರಾಗಗಳನ್ನು ಈಗಲೇ ಎಣಿಸಬಲ್ಲವರು ಯಾರು ಎಂಬುದು ಅವರ ವಾದ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದವರಿಗೆ ಗೊತ್ತು, ಶಿಲ್ಪಿ ಉಳಿ ಹಿಡಿಯುವ ಮೊದಲು ಕಲ್ಲಿನ ಮೇಲೆ ಗೆರೆ ಎಳೆದುಕೊಳ್ಳುತ್ತಾನೆ. ವಿಗ್ರಹ ಇನ್ನೂ ಇಲ್ಲ, ಆದರೆ ಮುಖವೆಲ್ಲಿ, ಕೈಯೆಲ್ಲಿ ಎಂಬುದು ಆಗಲೇ ಗೊತ್ತು. ಇದೂ ಅಂಥದೇ ಗೆರೆ.

ಹೆಮ್ಮೆಯೂ ಅವರಲ್ಲಿ ಕಡಿಮೆ ಇರಲಿಲ್ಲ. ಈ ಲೆಕ್ಕಕ್ಕೆ ಒಂದನ್ನು ಸೇರಿಸಲು ಅಥವಾ ಕಳೆಯಲು ಸಾಕ್ಷಾತ್ ಶಿವನಿಂದಲೂ ಆಗದೆಂದು ಬರೆದರು. 1550ರಲ್ಲಿ ವಿಜಯನಗರದಲ್ಲಿ ‘ಸ್ವರಮೇಳಕಲಾನಿಧಿ’ ಬರೆದ ರಾಮಾಮಾತ್ಯರನ್ನು ಬಹಳ ಕಟುವಾಗಿ ಟೀಕಿಸಿದರು. ಹಿರಿಯರು ಹಾಕಿಕೊಟ್ಟ ದಾರಿಯಲ್ಲೇ ಮುಂದೆ ನಡೆದವರು ಇಷ್ಟು ಬಿರುಸಾಗಬೇಕಿತ್ತೇ ಎಂದು ನನಗೆ ಅನ್ನಿಸುವುದುಂಟು.

1673ರಲ್ಲಿ ಮಧುರೆಯ ಸೈನ್ಯದೊಡನೆ ಹೋರಾಡುತ್ತ ವಿಜಯರಾಘವ ಮಡಿದ. ನಾಯಕರ ಆಸ್ಥಾನ ಅಳಿಯಿತು. ಅರಸನಿಗಾಗಿ ಬರೆದ ಪುಸ್ತಕ ಅದರೊಡನೆ ಅಳಿಯಬಹುದಿತ್ತು. ಅದನ್ನು ಕಾದದ್ದು ದೀಕ್ಷಿತರ ವಂಶ ಮತ್ತು ಶಿಷ್ಯರು. ಆ ವಂಶದ ವೆಂಕಟವೈದ್ಯನಾಥ ದೀಕ್ಷಿತರಲ್ಲಿ ಕಲಿತವರು ರಾಮಸ್ವಾಮಿ ದೀಕ್ಷಿತರು. ಅವರ ಮಗನೇ ಪ್ರಸಿದ್ಧ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರು (1775–1835). ಯಾರೂ ಹಾಡದಿದ್ದ ಮೇಳಗಳಿಗೆ ಈ ಪರಂಪರೆಯಲ್ಲಿ ಕೃತಿಗಳು ಬಂದವು. ಆದರೂ ಗ್ರಂಥ ಮಾತ್ರ ಮನೆಯೊಳಗಿನ ಸ್ವತ್ತಾಗಿಯೇ ಉಳಿಯಿತು, ಹೊರಗಿನವರ ಕೈಗೆ ಸುಲಭವಾಗಿ ಸಿಗುತ್ತಿರಲಿಲ್ಲ.

ಆ ಬಾಗಿಲನ್ನು ತಟ್ಟಿದವರಲ್ಲಿ ಒಬ್ಬರು ಮದರಾಸಿನ ಕ್ರೈಸ್ತರು, ಎ. ಎಂ. ಚಿನ್ನಸ್ವಾಮಿ ಮುದಲಿಯಾರ್. ನಮ್ಮ ಕೀರ್ತನೆಗಳನ್ನು ಪಾಶ್ಚಾತ್ಯ ಪದ್ಧತಿಯ ಗೆರೆಗಳ ಮೇಲೆ ಬರೆದು ಅವರು 1890ರ ದಶಕದಲ್ಲಿ ಪ್ರಕಟಿಸುತ್ತಿದ್ದರು. ಸ್ವರಗಳನ್ನು ಗೆರೆಗಳ ಮೇಲೆ ಕೂರಿಸುವ ಆ ಪದ್ಧತಿಯನ್ನು ರೂಢಿಗೆ ತಂದವರು ಆಗಲೇ ಹೇಳಿದ ಗೀದೊ ಸನ್ಯಾಸಿಯೇ. ಮನೆಯಲ್ಲಿ ಉಳಿದ ವಿದ್ಯೆಯನ್ನು ಅಚ್ಚು ಹಾಕಿಸಬೇಕೆಂದು ಮುತ್ತುಸ್ವಾಮಿ ದೀಕ್ಷಿತರ ವಂಶದ ಸುಬ್ಬರಾಮ ದೀಕ್ಷಿತರನ್ನು ಒತ್ತಾಯಿಸಿದವರಲ್ಲಿ ಅವರು ಮುಖ್ಯರು. 1904ರಲ್ಲಿ ಎಟ್ಟಯಾಪುರದಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಹೊರಬಂತು. ಅದೇ ವರ್ಷ ಮುಂಬಯಿಯ ಭಾತಖಂಡೆ ಅಲ್ಲಿಗೆ ಬಂದು ಸುಬ್ಬರಾಮ ದೀಕ್ಷಿತರನ್ನು ಕಂಡರು. ವೆಂಕಟಮಖಿಯ ಗ್ರಂಥದ ಪ್ರತಿಯನ್ನೂ ಪಡೆದರು. ಹಿಂದುಸ್ತಾನಿ ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ಜೋಡಿಸುವಾಗ ಅದು ಅವರಿಗೆ ನೆರವಾಯಿತು.

1934ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಆ ಗ್ರಂಥವನ್ನು ಪ್ರಕಟಿಸಿತು. ವೀಣೆಯಿಂದ ತೊಡಗಿ ಹತ್ತು ಪ್ರಕರಣಗಳು ಇರಬೇಕಾದ ಪುಸ್ತಕ ಅದು. ಪ್ರಬಂಧದ ಪ್ರಕರಣ ಕೊನೆಯಲ್ಲಿ ತುಂಡಾಗಿದೆ. ತಾಳವನ್ನು ಕುರಿತ ಹತ್ತನೆಯದು ಅದರಲ್ಲಿ ಇಲ್ಲ.