ಸನ್ನತಿಯಲ್ಲಿ ಸಿಕ್ಕ ‘ಕ’

ಮಕ್ಕಳೇ, ಒಂದು ಹಾಳೆ ತಗೊಳ್ಳಿ. ಲೆಕ್ಕದಲ್ಲಿ ಕೂಡಿಸುವಾಗ ಹಾಕುತ್ತೀರಲ್ಲ, ಆ ಪ್ಲಸ್ ಗುರುತು, ಅದನ್ನು ಬರೆಯಿರಿ. ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಒಂದು ನೆಟ್ಟನೆಯ ಗೆರೆ ಎಳೆಯಿರಿ. ಈಗ ನೀವು ‘ಕರ’ ಎಂದು ಬರೆದಿದ್ದೀರಿ. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ನೆಲದಲ್ಲಿ ‘ಕ’ ಮತ್ತು ‘ರ’ ಹೀಗೇ ಇದ್ದವು. ಆ ಲಿಪಿಯ ಹೆಸರು ಬ್ರಾಹ್ಮಿ. ಭಾನುವಾರದ ಕನ್ನಡ ಶಾಲೆಯಲ್ಲಿ ನೀವು ತಿದ್ದುವ ದುಂಡು ಅಕ್ಷರಗಳಿಗೆ ಅದು ಮುತ್ತಜ್ಜಿ.

ಈ ಅಕ್ಷರಗಳನ್ನು ನನ್ನ ಮಗಳು ಕಲಿತದ್ದು ಹೋದ ಡಿಸೆಂಬರ್ ರಜೆಯಲ್ಲಿ, ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆಯ ಸನ್ನತಿ ಎಂಬ ಹಳ್ಳಿಗೆ ಹೋದಾಗ. ಅವಳಿಗೆ ಒಂಬತ್ತು ವರ್ಷ. ಊರಿಗೆ ಹೋದರೆ ಮೈಸೂರು ಅರಮನೆ, ಹಂಪಿ, ಜೋಗ ತೋರಿಸುತ್ತೇವೆ, ಸರಿ. ಆದರೆ ಭೀಮಾ ನದಿಯ ದಂಡೆಯ ಈ ಸಣ್ಣ ಊರನ್ನೂ ನಿಮಗೆ ತೋರಿಸಲೇಬೇಕೆಂದು ನನ್ನ ಆಸೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕಲಬುರಗಿಯಿಂದ ಶಹಾಬಾದ್, ವಾಡಿ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಕಲ್ಲೇ ಕಲ್ಲು. ಖಣಿಯಿಂದ ಹಾಳೆ ಹಾಳೆಯಾಗಿ ಎದ್ದು ಬರುವ ಸುಣ್ಣಕಲ್ಲು. ಅದನ್ನು ಚೌಕವಾಗಿ ಕತ್ತರಿಸಿ ನೆಲಕ್ಕೆ ಹಾಸಿದರೆ ಶಹಾಬಾದ್ ಫರಸಿ, ಅರೆದು ಸುಟ್ಟರೆ ವಾಡಿ, ಸೇಡಂ ಕಾರ್ಖಾನೆಗಳ ಸಿಮೆಂಟು. ನಿಮ್ಮ ಅಜ್ಜಿಯ ಮನೆ ಉತ್ತರ ಕರ್ನಾಟಕದಲ್ಲಿದ್ದರೆ ಬೇಸಿಗೆಯ ಮಧ್ಯಾಹ್ನ ನೀವು ಬರಿಮೈಯಲ್ಲಿ ಹೊರಳಾಡಿದ ತಣ್ಣನೆಯ ನೆಲ ಈ ಕಲ್ಲಿನದೇ ಇದ್ದೀತು. ಈ ಕಲ್ಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸನ್ನತಿಗೆ ಬರುವವರಲ್ಲಿ ಹೆಚ್ಚಿನವರು ಚಂದ್ರಲಾಂಬೆಯ ಭಕ್ತರು. ಕರ್ನಾಟಕ, ಮಹಾರಾಷ್ಟ್ರದ ಎಷ್ಟೋ ಮನೆತನಗಳಿಗೆ ಅವಳೇ ಕುಲದೇವತೆ. ಗುಡಿಯ ಕಟ್ಟೆಯ ಮೇಲೆ ಕೂತು ನನ್ನ ಆಯಿ (ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ) ಒಂದು ಕಾಲಕ್ಕೆ ನನಗೆ ಹೇಳಿದ ಕಥೆಯನ್ನೇ ಈಗ ನನ್ನ ಮಗಳಿಗೂ ಹೇಳಿದಳು. ಸೇತುರಾಜನೆಂಬ ದುಷ್ಟ ದೊರೆ ನಾರಾಯಣ ಮುನಿಯ ಹೆಂಡತಿ ಚಂದ್ರವದನೆಯನ್ನು ಹೊತ್ತೊಯ್ದ. ಮುನಿ ಹೋಗಿ ಹಿಂಗುಲಾ ದೇವಿಗೆ ಮೊರೆಯಿಟ್ಟ. ‘ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ, ತಿರುಗಿ ಮಾತ್ರ ನೋಡಬ್ಯಾಡ’ ಅಂದಳು ದೇವಿ. ಗೆಜ್ಜೆಯ ಸಪ್ಪಳ ಕೇಳುತ್ತ ಕೇಳುತ್ತ ಮುನಿ ನಡೆದ. ಹೊನಗುಂಟಾದ ಹತ್ತಿರ ಸಪ್ಪಳ ನಿಂತಿತು. ತಿರುಗಿ ನೋಡಿಬಿಟ್ಟ. ದೇವಿ ಅಲ್ಲೇ ನೆಲೆಸಿದಳು. ಆದರೂ ಕೈಬಿಡಲಿಲ್ಲ, ದುಂಬಿಗಳ ರೂಪದಲ್ಲಿ ಬಂದು ಸೇತುರಾಜನ ದಂಡನ್ನು ಓಡಿಸಿದಳು. ಆ ದೇವಿಯೇ ಈ ಚಂದ್ರಲಾಂಬೆ. ಕಥೆ ಮುಗಿಯುವ ಹೊತ್ತಿಗೆ ನನ್ನ ಮಗಳು ಗೋಪುರದ ಸಂದಿಯಲ್ಲೆಲ್ಲ ದುಂಬಿ ಹುಡುಕುತ್ತಿದ್ದಳು.

ಇನ್ನೊಂದು ಕಥೆಯೂ ಈ ಗುಡಿಯ ಆವರಣದ್ದೇ. 1986ರಲ್ಲಿ ಇಲ್ಲಿನ ಕಾಳಿಯ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮಣ್ಣು, ಕಲ್ಲು ತೆಗೆದು ನೋಡಿದರೆ, ಕಾಳಿ ನಿಂತಿದ್ದ ಪೀಠದ ಕಲ್ಲಿನ ತುಂಬ ಅಕ್ಷರ! ಎರಡೂ ಬದಿಗೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಸಾಮ್ರಾಟ ಅಶೋಕ ಕ್ರಿ.ಪೂ. 3ನೆಯ ಶತಮಾನದಲ್ಲಿ ಬರೆಸಿದ ಶಾಸನ. ಯಾವಾಗಲೋ ಯಾರೋ ಆ ಕಲ್ಲಿನ ನಡುವೆ ಚೌಕವಾಗಿ ತೂತು ಕೊರೆದು ಮೂರ್ತಿ ನಿಲ್ಲಿಸಿದ್ದರು. ಅಷ್ಟು ಸಾಲು ಹೋದವು. ಉಳಿದದ್ದೇ ನಮ್ಮ ಭಾಗ್ಯ.

ಅದರಲ್ಲಿ ಏನು ಬರೆದಿದೆ? ದೊರೆಗಳ ಶಾಸನವೆಂದರೆ ಗೆದ್ದ ಯುದ್ಧದ ಬಡಾಯಿ ಇರುತ್ತದೆ ಅಂದುಕೊಳ್ಳುತ್ತೇವೆ. ಇಲ್ಲಿರುವುದು ಬೇರೆ. ತನ್ನ ಮತವನ್ನು ಹೊಗಳುವ ಭರದಲ್ಲಿ ಬೇರೆಯವರ ಮತವನ್ನು ಹಳಿಯಬಾರದು, ನಾಲಿಗೆಯ ಮೇಲೆ ಹಿಡಿತವಿರಬೇಕು, ಒಬ್ಬರ ಧರ್ಮದ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳಬೇಕು ಎಂಬುದು ಅಶೋಕನ 12ನೆಯ ಶಾಸನದ ಸಾರ. ಬೌದ್ಧ ದೊರೆಯ ಆ ಮಾತಿನ ಮೇಲೆ ನಮ್ಮ ಕಾಳವ್ವ ಎಷ್ಟೋ ಕಾಲ ನಿಂತಿದ್ದಳು ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಇದೇ ಕಲ್ಲಿನಲ್ಲಿ 14ನೆಯ ಶಾಸನವೂ ಇದೆ. ಕನ್ನಡ ಶಾಲೆಯಲ್ಲಿ ಒತ್ತಕ್ಷರ ತಪ್ಪಿತೆಂದು ಮುಖ ಸಪ್ಪಗೆ ಮಾಡಿಕೊಳ್ಳುವವರಿಗೆ ಇದು ಇಷ್ಟವಾಗಬೇಕು. ಎಲ್ಲ ಕಡೆಯೂ ಒಂದೇ ರೀತಿ ಬರೆಸಲು ಆಗಿಲ್ಲ, ಬರೆಯುವವನ ಕೈತಪ್ಪೂ ಇದ್ದೀತು ಎಂದು ದೊರೆ ತಾನೇ ಒಪ್ಪಿಕೊಳ್ಳುತ್ತಾನೆ! ಉಳಿದ ಎರಡು ಶಾಸನಗಳಲ್ಲಿ ಪ್ರಜೆಗಳೆಲ್ಲ ತನ್ನ ಮಕ್ಕಳಿದ್ದಂತೆ ಎನ್ನುತ್ತಾನೆ, ಅವರನ್ನು ಹಾಗೆಯೇ ನೋಡಿಕೊಳ್ಳಿ ಎಂದು ಅಧಿಕಾರಿಗಳಿಗೆ ಹೇಳುತ್ತಾನೆ. ಆ ಎರಡು ಅಲ್ಲಿಯವರೆಗೆ ಸಿಕ್ಕಿದ್ದು ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ.

ಸನ್ನತಿಯಿಂದ ಕೆಲವೇ ಕಿಲೋಮೀಟರ್ ದೂರ ಕನಗನಹಳ್ಳಿ. ತೊಗರಿ ಹೊಲಗಳ ನಡುವೆ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆಯವರು ಅಗೆದಾಗ ನೆಲದಡಿ ಒಂದು ದೊಡ್ಡ ಸ್ತೂಪ ಸಿಕ್ಕಿತು. ಅಲ್ಲಿನ ಬರಹಗಳಲ್ಲೇ ಅದರ ಹೆಸರಿದೆ: ಅಧೋಲೋಕ ಮಹಾಚೈತ್ಯ. ಅದಕ್ಕೆ ಹೊದಿಸಿದ್ದು ಯಾವ ಕಲ್ಲು? ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಈ ಸೀಮೆಯ ಅದೇ ಸುಣ್ಣಕಲ್ಲು. ಆಳೆತ್ತರದ ಹಾಸುಗಳ ಮೇಲೆ ಜಾತಕ ಕಥೆಗಳು, ಬೋಧಿವೃಕ್ಷ, ಆನೆ, ಹೂಬಳ್ಳಿ. ಹಲವು ಚಿತ್ರಗಳ ಹತ್ತಿರ, ನಿಮ್ಮ ಕಾಮಿಕ್ಸ್ ಪುಸ್ತಕದಲ್ಲಿ ಇರುವ ಹಾಗೆ, ಯಾರು ಏನು ಎಂದು ಬರೆದಿದ್ದಾರೆ. ಸಿಮುಕ, ಸಾತಕರ್ಣಿ, ಪುಳುಮಾವಿ ಮೊದಲಾದ ಸಾತವಾಹನ ದೊರೆಗಳು ಹೆಸರಿನ ಸಮೇತ ನಿಂತಿದ್ದಾರೆ. ಕಲ್ಲು ಕೊಡಿಸಿದವರ ಹೆಸರುಗಳೂ ಇವೆ, ಗೃಹಸ್ಥರು, ಭಿಕ್ಷುಣಿಯರು. ನಮ್ಮ ರಾಜ್ಯೋತ್ಸವದ ಸಂಚಿಕೆಯ ಕೊನೆಯ ಪುಟದಲ್ಲಿ ದಾನಿಗಳ ಪಟ್ಟಿ ಹಾಕುತ್ತೇವಲ್ಲ, ಹಾಗೆ.

ಇಲ್ಲಿ ಸಿಕ್ಕ ಒಂದು ಹಾಸಿನ ಮೇಲೆ ರಾಜನೊಬ್ಬ ರಾಣಿಯ ಜೊತೆ ನಿಂತಿದ್ದಾನೆ. ಸುತ್ತ ಸೇವಕಿಯರು, ಅವರ ಕೈಯಲ್ಲಿ ಛತ್ರ, ಚಾಮರ. ಜೊತೆಗೆ ಬ್ರಾಹ್ಮಿಯಲ್ಲಿ ಬರೆದದ್ದು: ‘ರಾಯ ಅಸೋಕೋ’. ಅಶೋಕನದೇ ಇರಬೇಕು ಎಂದು ಊಹಿಸುವ ಚಿತ್ರ ಸಾಂಚಿಯಲ್ಲೂ ಇದೆ. ಆದರೆ ಇವನೇ ಅಶೋಕ ಎಂದು ಹೆಸರು ಬರೆದ ಹಳೆಯ ಶಿಲ್ಪ ಸಿಕ್ಕಿದ್ದು ನಮ್ಮ ಕನಗನಹಳ್ಳಿಯಲ್ಲಿ. ಅಶೋಕ ಎಂಬ ಹೆಸರಿದ್ದ ಶಾಸನ ಮೊದಲು ಸಿಕ್ಕಿದ್ದೂ ದೂರದಲ್ಲಲ್ಲ, 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ‘ರಾಯ’ ಎಂಬ ಮಾತು ನಿಮಗೆ ಗೊತ್ತೇ ಇದೆ, ಕೃಷ್ಣದೇವರಾಯನ ರಾಯ. ಆ ಹೆಸರಿನ ಫೋಟೋ ತೋರಿಸಿದಾಗ ಮಗಳು ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು ‘ಪ್ಲಸ್!’ ಎಂದು ಕೂಗಿದಳು. ಅದಕ್ಕೆ ಎರಡು ಪುಟ್ಟ ಅಡ್ಡಗೆರೆ ಸೇರಿದರೆ ‘ಕೋ’.

ಬಹಳ ವರ್ಷ ಆ ಹಾಸುಗಳು ಮಳೆ ಬಿಸಿಲಿಗೆ ಬಿದ್ದಿದ್ದವು. ನೋಡಿದವರಿಗೆ ಹೊಟ್ಟೆ ಉರಿಯುತ್ತಿತ್ತು. 2022ರ ಸುಮಾರಿಗೆ ಸ್ತೂಪವನ್ನು ಕಾಪಾಡುವ ಕೆಲಸ ಶುರುವಾಯಿತು. ಹೋದಾಗ ಕಲ್ಲಿನ ಮೇಲೆ ಹತ್ತಬೇಡಿ, ಅಕ್ಷರಗಳನ್ನು ಉಗುರಿನಿಂದ ಕೆರೆಯಬೇಡಿ. ನವೆಂಬರ್‌ನಿಂದ ಫೆಬ್ರುವರಿಯ ಒಳಗೆ ಹೋಗಿ, ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ರೈಲಿನಲ್ಲಾದರೆ ವಾಡಿ–ರಾಯಚೂರು ದಾರಿಯ ನಾಲವಾರದಲ್ಲಿ ಇಳಿಯಬೇಕು. ಊಟದ ಹೋಟೆಲು ಹುಡುಕುತ್ತ ಕೂರಬೇಡಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೋಗಿ ನದಿಯ ದಂಡೆಯಲ್ಲಿ ಉಣ್ಣಿ.

ಮರುದಿನ ಬೆಳಿಗ್ಗೆ ಮಗಳು ಆಯಿಯ ರಂಗೋಲಿ ಡಬ್ಬಿ ಹಿಡಿದು ಬಾಗಿಲ ಮುಂದಿನ ಫರಸಿಯ ಮೇಲೆ ಕೂತಿದ್ದಳು. ಒಂದು ದೊಡ್ಡ ಪ್ಲಸ್ ಬರೆದಿದ್ದಳು.

‘ಯಾ ಲೆಕ್ಕಾ ಮಾಡಕತ್ತಿ ಕೂಸ?’ ಅಂದಳು ಆಯಿ.

‘ಲೆಕ್ಕ ಅಲ್ಲ ಆಯಿ, ಇದು ಕ.’

ಆಯಿ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದಳು. ಅವಳ ಹೆಸರು ಕಾಶಮ್ಮ. ‘ಹಂಗಾದ್ರ ನನ್ನ ಹೆಸರ ಬರಿ ನೋಡೋಣು’ ಅಂದಳು. ಮಗಳು ಪ್ಲಸ್ಸಿನ ತಲೆಯ ಬಲಕ್ಕೆ ಒಂದು ಸಣ್ಣ ಗೆರೆ ಎಳೆದು ‘ಕಾ’ ಮಾಡಿದಳು. ‘ಶ’ ಬರೆಯಲು ಬರದೆ ನನ್ನ ಕಡೆ ನೋಡಿದಳು. ನಾನು ಮೊಬೈಲಿನಲ್ಲಿ ಹುಡುಕುವಷ್ಟರಲ್ಲಿ ಆಯಿ ಅವಳ ಪಕ್ಕ ನೆಲಕ್ಕೆ ಕೂತು, ಆ ಒಂದೇ ಅಕ್ಷರದ ಸುತ್ತ ಚುಕ್ಕಿ ಇಡಲು ಶುರುಮಾಡಿದ್ದಳು.