ಹ್ಯಾಮರ್‌ಸ್ಟೈನರ ಕೊನೆಯ ಗೀತೆ

'ದಿ ಸೌಂಡ್ ಆಫ್ ಮ್ಯೂಸಿಕ್' ಚಲನಚಿತ್ರವನ್ನು ನಮ್ಮ ಕುಟುಂಬಗಳಲ್ಲಿ ಅನೇಕರು ನೋಡಿರುವರು. ಅದು ಮೊದಲು ರಂಗನಾಟಕವಾಗಿತ್ತೆಂಬುದನ್ನೂ ಅದರ ಗೀತೆಗಳನ್ನು ರಚಿಸಿದವರು ಆಸ್ಕರ್ ಹ್ಯಾಮರ್‌ಸ್ಟೈನ್ ಎಂಬುದನ್ನೂ ಬಲ್ಲವರು ಕಡಿಮೆ.

1895ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಇವರು ಕಾನೂನು ವ್ಯಾಸಂಗವನ್ನು ಅರ್ಧಕ್ಕೇ ತೊರೆದು ರಂಗಭೂಮಿಯನ್ನು ಸೇರಿದರು. 1927ರ 'ಷೋ ಬೋಟ್' ಕೀರ್ತಿ ತಂದಿತು. ಆದರೆ ಮುಂದೆ ಹಲವಾರು ವರ್ಷ ಸೋಲಿನ ಮೇಲೆ ಸೋಲು. 1943ರಲ್ಲಿ ಸಂಗೀತಗಾರ ರಿಚರ್ಡ್ ರಾಜರ್ಸರೊಡನೆ ರಚಿಸಿದ 'ಒಕ್ಲಹೋಮಾ' ಅವರನ್ನು ಮತ್ತೆ ಎತ್ತಿ ನಿಲ್ಲಿಸಿತು.

1959ರಲ್ಲಿ ಆಸ್ಟ್ರಿಯದ ಟ್ರಾಪ್ ಕುಟುಂಬದ ಕಥೆ ಕೈಗೆ ಬಂತು. ಸಂಭಾಷಣೆ ಲಿಂಡ್ಸೆ ಮತ್ತು ಕ್ರೌಸ್ ಅವರದು. ಕನ್ಯಾಮಠದ ಬದುಕಿನ ಬಗೆಗೆ ರೋಸರಿ ಕಾಲೇಜಿನ ಸಿಸ್ಟರ್ ಗ್ರೆಗೊರಿ ಎಂಬ ಧರ್ಮಭಗಿನಿಯಿಂದ ಈ ತಂಡ ಪತ್ರಮುಖೇನ ಸಲಹೆ ಪಡೆಯಿತು. ಖ್ಯಾತಿಯ ಶಿಖರದಲ್ಲಿದ್ದವರ ಈ ವಿನಯವನ್ನು ನಾವು ಮೆಚ್ಚಲೇಬೇಕು.

ಅದೇ ಸೆಪ್ಟೆಂಬರಿನಲ್ಲಿ ಹ್ಯಾಮರ್‌ಸ್ಟೈನರಿಗೆ ಜಠರದ ಕ್ಯಾನ್ಸರ್ ಇರುವುದು ತಿಳಿದು ಶಸ್ತ್ರಚಿಕಿತ್ಸೆ ನಡೆಯಿತು. ಮರುತಿಂಗಳೇ ಅವರು ಬಾಸ್ಟನ್ನಿನ ಪೂರ್ವಪ್ರದರ್ಶನಗಳಿಗೆ ಹಾಜರಾದರು. ನಾಡನ್ನು ಬಿಟ್ಟು ಹೊರಡಲಿರುವ ಕಥಾನಾಯಕನಿಗೆ ಅಲ್ಲಿ ಹಾಡೊಂದು ಬೇಕಾಯಿತು. ಆಲ್ಪ್ಸ್ ಬೆಟ್ಟಗಳ ಪುಟ್ಟ ಬಿಳಿಹೂವಿನ ಮೇಲೆ, ಮಕ್ಕಳಿಗೂ ಅರ್ಥವಾಗುವ ಕೆಲವೇ ಪದಗಳಲ್ಲಿ ಅವರು 'ಎಡೆಲ್ವೈಸ್' ಬರೆದರು. ಅದನ್ನು ಆಸ್ಟ್ರಿಯದ ಹಳೆಯ ಜಾನಪದ ಗೀತೆಯೆಂದೇ ನಂಬಿದವರು ಎಷ್ಟೋ ಮಂದಿ! ಅದೇ ಅವರು ಬರೆದ ಕೊನೆಯ ಗೀತೆ.

1960ರ ಆಗಸ್ಟ್ 23ರಂದು ಅವರು ತೀರಿಕೊಂಡಾಗ ನ್ಯೂಯಾರ್ಕಿನಲ್ಲಿ ನಾಟಕ ನಡೆಯುತ್ತಲೇ ಇತ್ತು.